ಬೆಟ್ಟದ ತುದಿಯಿಂದ ಕಾಣುವ ತವರು

ಬೆಟ್ಟದ ಮೇಲೆ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ‘ಆಹಾ, ಏನು ನೋಟ’ ಅನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮೊಮ್ಮಕ್ಕಳು ರಜಕ್ಕೆ ಬಂದಾಗ ‘ಅಜ್ಜಿ, ನಿಮ್ಮೂರ ಬೆಟ್ಟ ಹತ್ತಿ ಬರೋಣ’ ಎಂದು ಪೀಡಿಸುತ್ತಾರೆ. ಹೋಗಿ, ಹತ್ತಿ, ಕಣ್ಣು ತುಂಬ ನೋಡಿಕೊಂಡು ಬನ್ನಿ, ಆದರೆ ಇಳಿದು ಬಂದ ಮೇಲೆ ಏನು ಕಂಡಿರಿ ಅಂತ ನನಗೆ ಮಾತ್ರ ಹೇಳಬೇಡಿ ಅನ್ನುತ್ತೇನೆ. ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಬೆಟ್ಟ ಇಳಿದು ಬಂದವರ ಮಾತು ನನ್ನಮ್ಮ ಕೇಳಿದ್ದೇ ನಮ್ಮ ಮನೆಗೆ ಸಾಕಾಗಿದೆ.

ನಮ್ಮೂರು ಕಾಮಸಮುದ್ರದಿಂದ ಮೂಡಲಿಗೆ, ಆಗಿನ ಮದ್ರಾಸು ಸೀಮೆಯ ಗಡಿಗೆ ಒತ್ತಿಕೊಂಡಿತ್ತು. ಊರ ಬೆನ್ನಿಗೇ ಬೆಟ್ಟ. ತೀರಾ ಎತ್ತರದ್ದೇನಲ್ಲ. ಕೆಳಗೆ ಸೀತಾಫಲ, ಕಾರೆ, ತುಗ್ಗಲಿ ಗಿಡಗಳು, ನಡುವೆ ಬಿದಿರು ಮೆಳೆ, ಅದರ ಮೇಲೆ ಬರೀ ಬಂಡೆ. ತುದಿಯಲ್ಲಿ ಆಳುದ್ದದ ಗುಡಿಯೊಳಗೆ ಆಂಜನೇಯ. ದೇವರು ಬ್ರಹ್ಮಚಾರಿಯಾದ್ದರಿಂದ ಹೆಂಗಸರ ನೆರಳು ಬೀಳಬಾರದು ಅಂತ ನೇಮ. ಅರ್ಧ ದಾರಿಯಲ್ಲಿ ದೇವರ ಹೆಜ್ಜೆ ಮೂಡಿದ ಬಂಡೆಯೊಂದಿತ್ತು, ಪಾದದ ಬಂಡೆ ಅನ್ನುತ್ತಿದ್ದೆವು. ಹೆಂಗಸರು ಅಲ್ಲಿಗೇ ನಿಲ್ಲಬೇಕು. ಆದರೆ ಪೂಜೆಗೆ ಬೇಕಾದ ನೀರನ್ನು ಅಷ್ಟು ಎತ್ತರಕ್ಕೆ ಹೊತ್ತು ತರುವವರು ಮಾತ್ರ ಹೆಂಗಸರೇ. ನಮ್ಮ ತಲೆಯ ಬೆವರು ತಾಗಿದ ಬಿಂದಿಗೆ ದೇವರಿಗೆ ಆಗುತ್ತಿತ್ತು, ನೆರಳು ಆಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಇದನ್ನು ಕೇಳಿ ಅಪ್ಪನಿಂದ ಕೆನ್ನೆಗೆ ಏಟು ತಿಂದಿದ್ದೇನೆ.

ಶ್ರಾವಣದ ಕಡೇ ಶನಿವಾರ ಗಂಡಸರೆಲ್ಲ ಮೇಲೆ ಹೋಗಿ ಪೂಜೆ ಮಾಡಿಕೊಂಡು ಬರುವವರೆಗೆ ಹೆಂಗಸರು ಪಾದದ ಬಂಡೆಯ ಹತ್ತಿರ ಮೂರು ಕಲ್ಲು ಹೂಡಿ ಪೊಂಗಲು ಬೇಯಿಸುತ್ತಾ ಕಾಯುತ್ತಿದ್ದರು. ನಮ್ಮೂರಲ್ಲಿ ಒಂದು ಪದ್ಧತಿಯಿತ್ತು, ಬೇರೆ ಎಲ್ಲೂ ನಾನು ಕಂಡಿಲ್ಲ. ಇಳಿದು ಬಂದ ಗಂಡ ಹೆಂಡತಿಯ ಕೈಗೆ ಪ್ರಸಾದದ ಹೂ ಕೊಡುವ ಮುಂಚೆ ಅವಳ ತವರಿನ ಸುದ್ದಿ ಹೇಳಬೇಕು. ತುದಿಯಿಂದ ಸುತ್ತಲ ಊರುಗಳೆಲ್ಲ ಕಾಣುತ್ತವಲ್ಲ, ಅದಕ್ಕೆ. ಕೆರೆ ತುಂಬಿದೆಯೋ ಇಲ್ಲವೋ, ಹೊಲ ಹಸಿರಾಗಿದೆಯೋ, ಹೊಸ ಮನೆ ಎದ್ದಿದೆಯೋ ಅಂತ ನೋಡಿ ಬಂದು ಹೇಳುವುದು. ಇದಕ್ಕೆ ತವರು ನೋಡಿ ಬರುವುದು ಅನ್ನುತ್ತಿದ್ದರು. ಹೆಂಗಸರು ಆ ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಕೆಲವರು ಹೂ ಕೈಲಿ ಹಿಡಿದು ಅಳುತ್ತಿದ್ದರು.

ನನ್ನಮ್ಮನಿಗೆ ಆ ಮಾತೇ ಗತಿ. ಅವಳ ತವರು ಬೆಟ್ಟದ ಆಚೆ, ಮದ್ರಾಸು ಸೀಮೆಯಲ್ಲಿ. ನಾನು ಇನ್ನೂ ತೊಟ್ಟಿಲಲ್ಲಿದ್ದಾಗ ಅಲ್ಲಿ ಯಾರದೋ ಮದುವೆಯಾಯಿತಂತೆ. ಸೋದರಮಾವ, ಎಂದರೆ ಅಮ್ಮನ ಅಣ್ಣ, ತಾಂಬೂಲದ ತಟ್ಟೆಯನ್ನು ನಮ್ಮಪ್ಪನಿಗೆ ಹಿಡಿಯುವ ಬದಲು ಪಕ್ಕದಲ್ಲಿ ಕೂತಿದ್ದ ಬೇರೊಬ್ಬ ಅಳಿಯನಿಗೆ ಮೊದಲು ಹಿಡಿದುಬಿಟ್ಟರಂತೆ. ಅಷ್ಟೇ ಸಂಗತಿ. ಎರಡು ವೀಳ್ಯದೆಲೆ, ಒಂದು ಅಡಿಕೆ ಹೋಳು. ಅಪ್ಪ ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದು ಬಂದವನು ಮತ್ತೆ ಆ ಊರ ಕಡೆ ತಲೆ ಹಾಕಲಿಲ್ಲ, ಅಮ್ಮನನ್ನೂ ಕಳಿಸಲಿಲ್ಲ. ಆ ಊರಿನವರು ಕುಪ್ಪಂ ಸಂತೆಗೆ ಹೋಗುವವರು, ನಾವು ಬಂಗಾರಪೇಟೆ ಕಡೆಯವರು. ದಾರಿಯಲ್ಲಿ ಸಿಕ್ಕಿ ಮಾತಾಡುವುದಕ್ಕೂ ಆಗುತ್ತಿರಲಿಲ್ಲ.

ಆದರೆ ಪ್ರತಿ ಶ್ರಾವಣವೂ ಅಪ್ಪ ತವರು ನೋಡಿ ಬರುತ್ತಿದ್ದ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದಳು.

‘ನಮ್ಮೂರ್ ಕಾಣುಸ್ತಾ?’

‘ಕಾಣ್ದೆ ಏನು? ಕೆರೆ ಕೋಡಿ ಓಗೈತೆ. ನಿಮ್ಮಣ್ಣ ಇತ್ತಲಾಗೆ ಒಸಾ ಕೊಟ್ಟಿಗೆ ಆಕವ್ನೆ. ನಿಮ್ಮಮ್ಮ ಅಂಗಳದಾಗೆ ಕುಂತು ಮೊರ ಆಡ್ತಾ ಅವ್ಳೆ.’

ಅಷ್ಟು ದೂರದಿಂದ ಮೊರ ಕಾಣುತ್ತದೆಯೇ ಅಂತ ಯಾರೂ ಕೇಳಲಿಲ್ಲ. ಅಮ್ಮನಂತೂ ಕೇಳುವವಳೇ ಅಲ್ಲ. ಆಮೇಲೆ ವರ್ಷವಿಡೀ ಅದನ್ನೇ ಮೆಲುಕು ಹಾಕುತ್ತಿದ್ದಳು. ಕೊಟ್ಟಿಗೆ ಹಾಕಿದ್ದಾನೆ ಎಂದರೆ ಎಮ್ಮೆ ತಂದಿರಬೇಕು, ಎಮ್ಮೆ ತಂದಿದ್ದರೆ ಅಮ್ಮನಿಗೆ ಮಜ್ಜಿಗೆಗೆ ತೊಂದರೆಯಿಲ್ಲ ಎಂದು ಒಲೆ ಮುಂದೆ ಕೂತು ನನಗೆ ಹೇಳುತ್ತಿದ್ದಳು. ನಡುವೆ ಎಂದಾದರೂ ತವರಿಗೆ ಹೋಗಿ ಬರುತ್ತೇನೆ ಎಂದು ಬಾಯಿ ತೆರೆದರೆ ಅಪ್ಪನ ಉತ್ತರ ಸಿದ್ಧವಾಗಿರುತ್ತಿತ್ತು. ‘ನೋಡ್ಕೊಂಡು ಬಂದ್ನಲ್ಲೇ, ಎಲ್ಲಾ ಸಂದಾಕವ್ರೆ. ಓಗಿ ಏನ್ ಮಾಡ್ತೀಯ?’ ಅಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಗಂಡ ಕಣ್ಣಾರೆ ನೋಡಿ ಬಂದಿದ್ದಾನೆ, ಇನ್ನೇನು ಹಟ ಎಂದು ಊರ ಹೆಂಗಸರೂ ಬುದ್ಧಿ ಹೇಳುತ್ತಿದ್ದರು.

ನನ್ನ ಮದುವೆಯಲ್ಲಿ ಅವಳು ಅತ್ತದ್ದು ನೆನಪಿದೆ. ಹೆಣ್ಣನ್ನು ಹಸೆಗೆ ಕರೆತರಬೇಕಾದವನು ಸೋದರಮಾವ. ಮಗಳ ಮದುವೆಗಾದರೂ ಅಣ್ಣ ಮುನಿಸು ಬಿಟ್ಟು ಬರುತ್ತಾನೆ ಎಂದು ಚಪ್ಪರದ ಕಂಬಕ್ಕೆ ಒರಗಿಕೊಂಡು ದಾರಿ ನೋಡಿದಳು. ಬರಲಿಲ್ಲ. ದೂರದ ಸಂಬಂಧಿಯೊಬ್ಬರು ನನ್ನ ಕೈ ಹಿಡಿದು ಕರೆತಂದರು. ಅಮ್ಮ ಹಾಲು ಕಾಯಿಸುವ ನೆಪದಲ್ಲಿ ಒಳಗೆ ಹೋಗಿ ಮೂಗು ಸೀಟಿಕೊಂಡು ಬಂದಳು. ಅಪ್ಪ ಅಂದು ಹೊಸ ಪಂಚೆ ಉಟ್ಟು ಬಂದವರಿಗೆಲ್ಲ ಎಲೆ ಅಡಿಕೆ ಕೊಡುತ್ತಾ ಓಡಾಡುತ್ತಿದ್ದ.

ಮದುವೆಯಾಗಿ ನಾನು ಮಾರಿಕುಪ್ಪಂಗೆ ಬಂದೆ. ಗಂಡನಿಗೆ ಚಿನ್ನದ ಗಣಿಯಲ್ಲಿ ಕೆಲಸ. ಕೆಲವು ವರ್ಷ ಕಳೆದ ಮೇಲೆ ಮೈಸೂರು ಮೈನ್ಸ್ ಕಡೆಯ ಒಂದು ಬಂಗಲೆಯಲ್ಲಿ ಮಗು ನೋಡಿಕೊಳ್ಳುವ ಆಯಾ ಕೆಲಸಕ್ಕೆ ಸೇರಿದೆ. ಆ ದೊರೆಗೂ ದೊರೆಸಾನಿಗೂ ಬೆಟ್ಟದ ಹುಚ್ಚು. ಭಾನುವಾರ ಬಂದರೆ ಮೊಳೆ ಹೊಡೆದ ಬೂಟು ಹಾಕಿಕೊಂಡು, ಕೋಲು ಹಿಡಿದು, ಯಾವುದಾದರೂ ಗುಡ್ಡ ಹತ್ತಲೇಬೇಕು. ಸೌದೆಯಿಲ್ಲ, ಮೇವಿಲ್ಲ, ಹರಕೆಯಿಲ್ಲ, ಮೇಲೆ ಹೋಗಿ ರೊಟ್ಟಿ ತಿಂದು ಇಳಿಯುವುದಕ್ಕೆ ಇಷ್ಟು ಪಾಡೇ ಎಂದು ನಾವು ಆಳುಗಳು ಹಿಂದಿನಿಂದ ನಗುತ್ತಿದ್ದೆವು. ಒಂದು ಕ್ರಿಸ್ಮಸ್ ರಜದಲ್ಲಿ ಅವರು ಹೊರಟದ್ದು ನಮ್ಮೂರ ಬೆಟ್ಟಕ್ಕೆ. ನನಗೆ ಖುಷಿಯಾಯಿತು. ಮಗುವನ್ನು ಪಾದದ ಬಂಡೆಯವರೆಗೆ ಎತ್ತಿಕೊಂಡು ಹೋದರಾಯಿತು, ಸಂಜೆ ಅಮ್ಮನ ಮನೆಯಲ್ಲಿ ಉಳಿದು ಎರಡು ದಿನ ಬಿಟ್ಟು ಬರುತ್ತೇನೆ ಎಂದು ದೊರೆಸಾನಿಯ ಹತ್ತಿರ ಕೇಳಿಕೊಂಡೆ.

ಮೋಟಾರು ಊರ ಅರಳಿಕಟ್ಟೆಯವರೆಗೆ ಬಂತು. ದಾರಿ ತೋರಿಸಲು ಬೆಟ್ಟದ ಪೂಜಾರಪ್ಪನೇ ಮುಂದೆ ನಡೆದ. ಬುಟ್ಟಿ ಹೊರಲು ಊರವರಿಬ್ಬರು. ಅಪ್ಪ ಹೊಲಕ್ಕೆ ಹೋಗಿದ್ದ. ಮಗಳು ಬಂಗಲೆಯಲ್ಲಿ ದುಡಿಯುವುದೇ ಅವಮಾನ ಅನ್ನುವವನು, ಅವಳು ದುಡಿಯುವುದನ್ನು ನೋಡಲು ನಿಲ್ಲುತ್ತಾನೆಯೇ? ಮಂಜು ಕರಗಿ ಬಿಸಿಲು ಬಿದ್ದಿತ್ತು. ಕಾರೆ ಮುಳ್ಳು ಸೀರೆಗೆ ಸಿಕ್ಕುತ್ತಿತ್ತು. ಬಿದಿರು ಮೆಳೆಯೊಳಗೆ ದಾರಿ ಕತ್ತಲಾಗಿ, ಎಲೆ ಕಾಲಡಿ ಜಾರುತ್ತಿತ್ತು. ಕರಡಿ ಕೆದಕಿದ ಹುತ್ತವೊಂದನ್ನು ಪೂಜಾರಪ್ಪ ತೋರಿಸಿದ. ಮಗು ನನ್ನ ಸೊಂಟದ ಮೇಲೆ ಕೂತು ಕೈಗೆ ಸಿಕ್ಕ ಎಲೆಯನ್ನೆಲ್ಲ ಕೀಳುತ್ತಿತ್ತು.

ಪಾದದ ಬಂಡೆಗೆ ಬಂದೆವು. ದೊರೆಸಾನಿ ಬೂಟು ಕಾಲಲ್ಲಿ ದೇವರ ಹೆಜ್ಜೆ ಪಕ್ಕದಲ್ಲೇ ದಾಟಿ ಮೇಲೆ ಹೋದಳು. ಪೂಜಾರಪ್ಪ ನನಗೆ ಕೈ ಅಡ್ಡ ಹಿಡಿದ.

‘ನೀನ್ ಇಲ್ಲೇ ನಿಂತ್ಕಳಮ್ಮ. ಕೂಸು ಇತ್ತ ಕೊಡು.’

‘ಅವ್ರು ಎಂಗಸಲ್ವಾ ಪೂಜಾರಪ್ಪ?’

‘ಅವ್ರು ದೊರೆಸಾನಿ.’

ಆ ಮಾತಿಗೆ ನನಗೆ ಎಲ್ಲಿತ್ತೋ ಸಿಟ್ಟು. ನನ್ನಮ್ಮ, ಅವಳ ಅತ್ತೆ, ಅವರ ಅತ್ತೆ ಎಲ್ಲ ನೀರು ಹೊತ್ತು ಸವೆಸಿದ ಬಂಡೆ ಅದು. ಆದರೂ ಮಗುವನ್ನು ಕೊಟ್ಟೆ. ಗಡ್ಡದ ಮುಖ ಕಂಡದ್ದೇ ಮಗು ಬೆಟ್ಟ ಬಿರಿಯುವ ಹಾಗೆ ಕಿರುಚಿತು. ಮೇಲಿನಿಂದ ದೊರೆಸಾನಿ ತನಗೆ ಬರುತ್ತಿದ್ದ ಮುರುಕು ತಮಿಳಿನಲ್ಲಿ ‘ಆಯಾ, ಸೀಕ್ರಂ ವಾ’ ಎಂದು ಗದರಿದಳು. ಬೇಗ ಬಾ ಎಂದು ದೊರೆಸಾನಿ ಕರೆದ ಮೇಲೆ ಪೂಜಾರಪ್ಪನ ಶಾಸ್ತ್ರ ಒಂದು ಗಳಿಗೆಯಲ್ಲಿ ಬದಲಾಯಿತು. ‘ಓಗಮ್ಮ, ಓಗು. ನೀನು ಮದ್ವೆಯಾಗಿ ಬೇರೆ ದೇವ್ರ ಒಕ್ಕಲಾದೋಳು. ನಿಂಗೆ ದೋಸ ಬರಾಕಿಲ್ಲ’ ಅಂದ. ತಲತಲಾಂತರದ ನೇಮ ಅಷ್ಟು ಸಸ್ತಾ ಆಗಿತ್ತು.

ಹಾಗೆ ನಾನು ತುದಿ ಕಂಡೆ. ಗಾಳಿ ಸೆರಗನ್ನು ಎಳೆಯುತ್ತಿತ್ತು. ಪಡುವಲಲ್ಲಿ ಗಣಿಯ ಹೊಗೆಗೂಡುಗಳು, ಚಿನ್ನ ತೆಗೆದು ಬಿಸಾಕಿದ ಪುಡಿಯ, ಬೆಳ್ಳಗೆ ಹೊಳೆಯುವ ಸೈನೈಡ್ ದಿಬ್ಬ, ಮಾರಿಕುಪ್ಪಂ ಕಡೆಗೆ ತೆವಳುವ ರೈಲು. ಕೆಳಗೆ ನಮ್ಮ ಕೆರೆ, ಅದರಾಚೆ ಪಕ್ಕದ ಮನೆಯ ಚಿಕ್ಕಮ್ಮನ ತವರು, ಅದರ ಗೋಪುರ ಕೂಡ. ಅವಳ ಗಂಡ ಹೇಳುತ್ತಿದ್ದುದೆಲ್ಲ ನಿಜವೇ. ಮೈ ಜುಮ್ಮೆಂದಿತು. ಅಮ್ಮನಿಗೆ ಇವತ್ತು ನಾನೇ ತವರಿನ ಸುದ್ದಿ ಒಯ್ಯುತ್ತೇನೆ ಎಂದುಕೊಂಡು ಮೂಡಲಿಗೆ ತಿರುಗಿದೆ.

ಮೂಡಲಲ್ಲಿ ಇನ್ನೊಂದು ಗುಡ್ಡ. ನಮ್ಮದಕ್ಕಿಂತ ಎತ್ತರ, ಉದ್ದಕ್ಕೂ ಗೋಡೆಯ ಹಾಗೆ ಹಬ್ಬಿದ್ದು, ಮೈತುಂಬ ಬಿದಿರು. ಆ ಕಡೆಗೆ ಊರಿಲ್ಲ, ಕೆರೆಯಿಲ್ಲ, ಹೊಗೆಯಿಲ್ಲ. ಗುಡಿಯ ಆ ಮಗ್ಗುಲಿಗೆ ಹೋಗಿ ನೋಡಿದೆ, ಬಂಡೆಯ ಅಂಚಿಗೆ ಹೋಗಿ ನೋಡಿದೆ. ನಾನು ಹುಡುಕುವುದನ್ನು ಕಂಡು ದೊರೆಸಾನಿ ದುರ್ಬೀನನ್ನು ನನ್ನ ಕೈಗೆ ಕೊಟ್ಟಳು. ದುರ್ಬೀನಿನಲ್ಲಿ ಗುಡ್ಡ ಇನ್ನಷ್ಟು ಹತ್ತಿರ ಬಂತು, ಅಷ್ಟೇ.

‘ಪೂಜಾರಪ್ಪ, ನಮ್ಮಮ್ಮನ್ ತವರು ಯಾವ ಕಡೆ ಕಾಣ್ತೈತೆ?’

‘ಅದು ಆ ಗುಡ್ಡದ್ ಇಂದ್ಗಡೆ ಅಲ್ವಾ ಇರೋದು. ಇಲ್ಲಿಂದ ಎಂಗೆ ಕಂಡಾತು?’ ಅಂದವನು ಆಮೇಲೆ ನಾಲಿಗೆ ಕಚ್ಚಿಕೊಂಡ. ‘ಏಳ್ಬ್ಯಾಡ ಕಣಮ್ಮ ನಿಮ್ಮಮ್ಮಂಗೆ. ಏನೋ ಮನ್ಸಿಗೆ ನೆಮ್ದಿ ಇರ್ಲಿ ಅಂತ ನಿಮ್ಮಪ್ಪ ಏಳ್ತಾನೆ. ನಾವೆಲ್ಲಾ ಸುಮ್ಕಿದೀವಿ.’

ನಾವೆಲ್ಲಾ! ಊರ ಗಂಡಸರಿಗೆಲ್ಲ ಗೊತ್ತಿತ್ತು. ಪ್ರತಿ ಶ್ರಾವಣ ಅಪ್ಪನ ಪಕ್ಕದಲ್ಲೇ ನಿಂತು, ಆ ಗೋಡೆಯಂಥ ಗುಡ್ಡ ನೋಡಿ, ಇಳಿದು ಬಂದು, ಅವನು ಕೆರೆ ಕೋಡಿ ಹರಿಸುವುದನ್ನು ಕೇಳಿಸಿಕೊಂಡು, ನಮ್ಮಮ್ಮ ಬೇಯಿಸಿದ ಪೊಂಗಲನ್ನು ಚಪ್ಪರಿಸಿ ತಿಂದಿದ್ದರು. ಹೆಂಗಸರು ಮೇಲೆ ಬರಬಾರದು ಅನ್ನುವುದು ದೇವರಿಗಾಗಿಯೋ ಇವರ ಬಾಯಿಗಾಗಿಯೋ ಎಂದು ಆ ಕ್ಷಣ ಅನ್ನಿಸಿತು. ದೊರೆಸಾನಿ ಎರಡು ಕೈ ಚಾಚಿ ನೋಟ ಹೊಗಳುತ್ತಿದ್ದಳು. ನನಗೆ ಆ ಬಂಡೆಯ ಮೇಲೆ ಉಗಿಯಬೇಕು ಅನ್ನಿಸಿತು. ದೇವರಿದ್ದಾನಲ್ಲ ಎಂದು ನುಂಗಿಕೊಂಡೆ.

ಸಂಜೆ ಅಮ್ಮ ಹಿತ್ತಲಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿಸುಕುತ್ತಿದ್ದಳು. ನಾನು ತುದಿಗೆ ಹೋದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಬೈಯುತ್ತಾಳೆ ಅಂದುಕೊಂಡರೆ ಅವಳ ಕಣ್ಣು ಮಿನುಗುತ್ತಿತ್ತು. ‘ಕಾಣುಸ್ತಾ?’ ಅಂದಳು. ನೆಮ್ಮದಿ ಇರಲಿ ಅಂತೆ, ನೆಮ್ಮದಿ! ನಾನು ಒಂದನ್ನೂ ಬಿಡದೆ ಹೇಳಿದೆ. ಅವಳ ಬೆರಳು ಹಿಸುಕುವುದನ್ನು ನಿಲ್ಲಿಸಲಿಲ್ಲ. ಒಂದೊಂದೇ ಬೇಳೆ ಪುಟಕ್ಕನೆ ಹಾರಿ ತಟ್ಟೆಗೆ ಬೀಳುತ್ತಿತ್ತು.

‘ದುರ್ಬೀನಾಗೂ ನೋಡ್ದಾ?’

‘ಅದ್ರಾಗೂ ನೋಡ್ದೆ.’

ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ಅಮ್ಮ ಅವನ ಕಡೆ ತಿರುಗದೆ ಕೇಳಿದಳು. ‘ಈ ಸ್ರಾವಣದಾಗೆ ನಮ್ಮಮ್ಮ ಮೊರ ಆಡ್ತಿದ್ಲು ಅಂದ್ಯಲ್ಲ. ಎಲ್ಲಿಂದ ನೋಡ್ದೆ?’

ಗಂಡನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ನನ್ನನ್ನು ನುಂಗುವ ಹಾಗೆ ನೋಡಿದ. ‘ನಿನ್ ಸಂತೋಸಕ್ಕೇ ಏಳಿದ್ದು ಕಣೇ. ಸುಮ್ನೆ ಕೊರಗ್ತೀಯ ಅಂತ.’

‘ನಾಳೆ ಬೆಳಗಾಗ್ಲಿ. ಓಗ್ತೀನಿ ನಮ್ಮೂರ್ಗೆ.’

‘ಅಲ್ಲೇನೈತೆ ಅಂತ ಓಗ್ತೀಯ?’

‘ನಮ್ಮಮ್ಮ ಅವ್ಳೆ.’

ಅಪ್ಪ ಅಬ್ಬರಿಸುತ್ತಾನೆ, ಕೋಲು ಹುಡುಕುತ್ತಾನೆ ಎಂದು ನಾನು ಸೆರಗು ಕಟ್ಟಿ ನಿಂತಿದ್ದೆ. ಅವನು ಕೊಟ್ಟಿಗೆಯ ಕಡೆ ಹೋಗಿ ದನಗಳಿಗೆ ಹುಲ್ಲು ಹಾಕತೊಡಗಿದ. ಹೆದರಿಕೊಂಡ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು.

ಬೆಳಗ್ಗೆ ಇಬ್ಬರೂ ಹೊರಟೆವು. ಹಿಸುಕಿದ ಬೇಳೆಯನ್ನು ಅಮ್ಮ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಿದ್ದಳು. ಅವ್ವನಿಗೆ, ಎಂದರೆ ಅವಳ ಅಮ್ಮನಿಗೆ, ಇಷ್ಟು ಹೊತ್ತಿಗೆ ಹಲ್ಲು ಉದುರಿರುತ್ತವೆ, ಸಿಪ್ಪೆಯಿದ್ದರೆ ಅಗಿಯಲಾರಳು ಅಂದಳು. ಬೆಟ್ಟವನ್ನು ಬಳಸಿ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಗಾಡಿ ಜಾಡಿತ್ತು. ಹತ್ತುವುದಿಲ್ಲ, ಇಳಿಯುವುದಿಲ್ಲ. ಅಮ್ಮ ನನಗಿಂತ ಮುಂದೆ ನಡೆಯುತ್ತಿದ್ದಳು. ಹಳ್ಳದ ಹತ್ತಿರ ಅವಳಿಗೆ ಗುರುತು ಹತ್ತಿ, ಇಲ್ಲಿ ಬಿಕ್ಕೆ ಹಣ್ಣು ಕೀಳುತ್ತಿದ್ದೆವು, ಇಲ್ಲಿ ನಮ್ಮ ಕುರಿ ಕಳೆದಿತ್ತು ಎಂದು ಮಾತೇ ಮಾತು. ದನ ಮೇಯಲು ಬಿಡುವ ಹೊತ್ತಿಗೆ ಊರು ಕಂಡಿತು. ಇಷ್ಟೇನಾ ದೂರ ಎಂದು ನಾನು ಅಲ್ಲೇ ನಿಂತುಬಿಟ್ಟೆ. ಒಂದು ತಾಂಬೂಲಕ್ಕಾಗಿ ಒಬ್ಬ ಮನುಷ್ಯ ಈ ಹಾದಿಯನ್ನು ಬೆಟ್ಟದಷ್ಟು ಮಾಡಿಟ್ಟಿದ್ದ.

ಸೋದರಮಾವ ಬಾಗಿಲಲ್ಲಿ ಹಗ್ಗ ಹೊಸೆಯುತ್ತಿದ್ದರು. ತಲೆ ಬೆಳ್ಳಗಾಗಿತ್ತು. ತಂಗಿಯನ್ನು ಗುರುತಿಸಿದರು, ಆದರೆ ಏಳಲಿಲ್ಲ. ಅವರ ಹೆಂಡತಿ, ನನ್ನ ಅತ್ತೆ, ಒಳಗಿನಿಂದ ಬಂದು ನೀರಿನ ಚೊಂಬನ್ನು ಕೆಳಗಿಟ್ಟರು.

‘ಅಣ್ಣಾ, ಅಮ್ಮ ಎಲ್ಲಿ?’

ಮಾವ ಹಗ್ಗ ಬಿಸಾಕಿದರು. ‘ಇಷ್ಟ್ ವರ್ಸ ಆದ್ಮೇಲೆ ಬಂದು ಅಮ್ಮ ಎಲ್ಲಿ ಅಂತ ಕೇಳ್ತೀಯಲ್ಲಮ್ಮ, ಏನ್ ನಿನ್ ಎದೆ ಕಲ್ಲಾ? ಸಾವ್ಗೂ ಬರ್ಲಿಲ್ಲ. ಅನ್ನೊಂದ್ನೇ ದಿನಕ್ಕಾದ್ರೂ ಬತ್ತೀಯ ಅಂತ ದಾರಿ ನೋಡಿದ್ವಿ. ಬರ್ಲಿಲ್ಲ.’

ಅಮ್ಮ ನಿಂತೇ ಇದ್ದಳು. ‘ಯಾವಾಗ?’

‘ಯಾವಾಗ ಅಂದ್ರೆ? ನಾನೇ ಬಂದಿದ್ನಲ್ಲ ಏಳಕ್ಕೆ. ಈ ನಿನ್ ಮಗಳ್ ಮದ್ವೆಗೆ ಚಪ್ರ ಆಕಿದ್ರಿ. ಬಾವ ಊರ್ ಬಾಗ್ಲಾಗೇ ಸಿಕ್ಕಿದ್ರು. ಸುಭಕಾರ್ಯ ಐತೆ, ಸಾವಿನ್ ಸುದ್ದಿ ಒಳಕ್ ತರ್ಬೇಡ, ಮದ್ವೆ ಮುಗೀತಿದ್ದಂಗೆ ನಾನೇ ಏಳಿ ಕಳುಸ್ಕೊಡ್ತೀನಿ ಅಂದ್ರು. ನಾನ್ ಅಂಗೇ ತಿರುಗ್ಕೊಂಡ್ ಬಂದೆ.’

ನನ್ನ ಮದುವೆ! ಸೂತಕ ಬಂದರೆ ಮುಹೂರ್ತ ತಪ್ಪುತ್ತದೆ, ನಿಜ. ಯಾರ ಮನೆಯಲ್ಲಾದರೂ ಆ ಒಂದು ವಾರ ಮುಚ್ಚಿಡುತ್ತಾರೆ. ಆದರೆ ಆ ಮೇಲಿನ ವಾರ? ಆ ಮೇಲಿನ ವರ್ಷ? ಅವ್ವ ಮಣ್ಣಾಗಿ ಹೋದ ಮೇಲೂ ಇವನು ಪ್ರತಿ ಶ್ರಾವಣ ಬೆಟ್ಟದಿಂದ ಇಳಿದು ಬಂದು ಅವಳ ಕೈಗೆ ಮೊರ ಕೊಟ್ಟು ಕೂರಿಸಿದ್ದ. ಹೇಳಿದರೆ ಅಮ್ಮ ತವರಿಗೆ ಹೋಗುತ್ತಾಳೆ, ಹೋದರೆ ತಾನು ಸೋತ ಹಾಗೆ. ನನ್ನ ಮೈಗೆ ಅರಿಶಿನ ಹಚ್ಚುವಾಗ, ನನ್ನ ತಲೆಗೆ ಅಕ್ಷತೆ ಬೀಳುವಾಗ, ಅವನೊಬ್ಬನಿಗೆ ಎಲ್ಲ ಗೊತ್ತಿತ್ತು. ಎಲೆ ಅಡಿಕೆ ಕೊಡುತ್ತಾ ನಗುತ್ತಿದ್ದ. ನನಗೆ ಅಳು ಬರಲಿಲ್ಲ.

ಅಮ್ಮನೂ ಅಳಲಿಲ್ಲ. ಬೇಳೆಯ ಗಂಟನ್ನು ಜಗಲಿಯ ಮೇಲಿಟ್ಟು ಹಿತ್ತಲಿನ ಬಾವಿಯ ಕಡೆ ನಡೆದಳು. ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಕೂತು ಮುಡಿ ಬಿಚ್ಚಿದಳು. ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ತಲೆಯ ಮೇಲೆ ನೀರು ಹುಯ್ದುಕೊಳ್ಳಬೇಕು, ಅದು ಎಷ್ಟೇ ಹಳೆಯ ಸಾವಾಗಿರಲಿ. ‘ಸೇದು ಅತ್ಗೆ’ ಅಂದಳು. ಅತ್ತೆ ಅಳುತ್ತಲೇ ಬಿಂದಿಗೆ ಸೇದಿ ಉಟ್ಟ ಸೀರೆಯ ಮೇಲೇ ಹುಯ್ದರು. ಮಾಗಿಯ ನೀರು, ಅಮ್ಮನ ತುಟಿ ನೀಲಿಯಾಯಿತು. ಅತ್ತೆ ಸೆರಗಿನಿಂದ ಅವಳ ತಲೆ ಒರೆಸಲು ಹೋದರು. ಅಮ್ಮ ಕೈ ತಳ್ಳಿದಳು.

‘ಇನ್ನೊಂದ್ ಸೇದು.’

‘ಒಂದ್ ಸಾಕಮ್ಮ ಸಾಸ್ತ್ರಕ್ಕೆ. ಚಳಿಗೆ ಸೆಟ್ಕೊಂಡೋಗ್ತೀಯ.’

‘ಅದು ಅಮ್ಮಂದು. ಇದು ನನ್ ಗಂಡುಂದು. ಉಯ್ಯಿ.’

ಅತ್ತೆಯ ಕೈ ಹಗ್ಗದ ಮೇಲೇ ನಿಂತಿತು. ಬದುಕಿರುವ ಗಂಡನ ಹೆಸರಿಗೆ, ಕೊರಳಲ್ಲಿ ತಾಳಿ ಇರುವಾಗ, ಯಾವ ಹೆಂಗಸು ತಾನೇ ನೀರು ಹುಯ್ದಾಳು? ಮಾವ ಬಾಗಿಲಲ್ಲಿ ನಿಂತು ಬೇಡಮ್ಮ, ಬೇಡಮ್ಮ ಅನ್ನುತ್ತಿದ್ದರು. ಅಮ್ಮ ತಲೆ ಬಗ್ಗಿಸಿಕೊಂಡು ಕಾಯುತ್ತಾ ಕೂತಿದ್ದಳು. ನಾನು ಹೋಗಿ ಅತ್ತೆಯ ಕೈಯಿಂದ ಹಗ್ಗ ತೆಗೆದುಕೊಂಡು, ಬಿಂದಿಗೆ ತುಂಬ ಸೇದಿ, ನನ್ನಪ್ಪನ ಹೆಸರಿನ ನೀರನ್ನು ಅವಳ ತಲೆಯ ಮೇಲೆ ನಾನೇ ಹುಯ್ದೆ.